ಮೈಸೂರು ರಾಜ್ಯದ ಲೆಟರ್‌ಹೆಡ್

ಆ ವಕೀಲರ ನೋಟಿಸ್ ಬಂದದ್ದು ದೀಪಾವಳಿ ವ್ಯಾಪಾರದ ನಡುವೆ. ಅಂಗಡಿ ತುಂಬ ಜನ, ಕೌಂಟರ್ ಮೇಲೆ ಬಿಚ್ಚಿದ ಸೀರೆಗಳ ರಾಶಿ. ಅಂಚೆಯವರು ರಾಶಿಯ ಮೇಲೇ ಕವರ್ ಇಟ್ಟು ಸಹಿ ಹಾಕಿಸಿಕೊಂಡು ಹೋದರು. ರಾತ್ರಿ ಶಟರ್ ಎಳೆದ ಮೇಲೆ ಒಡೆದು ನೋಡಿದೆ. ನಾಲ್ಕು ಪುಟ ಇಂಗ್ಲಿಷು. ಸಾರಾಂಶ ಇಷ್ಟೆ: ನಮ್ಮ ಅಂಗಡಿಯ ಹೆಸರು ಅವರ ಕಕ್ಷಿದಾರರ ನೋಂದಾಯಿತ ಟ್ರೇಡ್‌ಮಾರ್ಕ್, ಅಂದರೆ ವ್ಯಾಪಾರದ ಗುರುತು. ಹದಿನೈದು ದಿನದೊಳಗೆ ಬೋರ್ಡು ಇಳಿಸಬೇಕು. ಬಿಲ್ಲು, ಚೀಲ, ಕ್ಯೂಆರ್ ಕೋಡ್ ಎಲ್ಲದರಿಂದಲೂ ಹೆಸರು ತೆಗೆಯಬೇಕು. ಇಲ್ಲವಾದರೆ ದಾವೆ, ನಷ್ಟ ಪರಿಹಾರ. ಅಪ್ಪ ನನ್ನಿಂದ ಓದಿಸಿ ಕೇಳಿ, "ಇದು ನಮ್ಮಪ್ಪ ಇಟ್ಟ ಹೆಸರು ಕಣೋ, ಅವರ್ಯಾರು ಕೇಳೋಕೆ?" ಎಂದು ನಕ್ಕು ಮಲಗಿಬಿಟ್ಟರು. ನನಗೆ ನಿದ್ದೆ ಹತ್ತಲಿಲ್ಲ.

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಆದ ಒಪ್ಪಂದದಲ್ಲಿ, ಒಬ್ಬರು ಇನ್ನೊಬ್ಬರ ಹೆಸರು ಹಿಡಿದು ಎಲ್ಲೂ ಬರೆಯಕೂಡದು ಎಂಬ ಸಾಲಿದೆ. ಎರಡು ಪದದ ಹೆಸರು ಅನ್ನಿ. ಮೊದಲನೆಯದು ದೇವಿಯದು, ಎರಡನೆಯದು ಊರೂರಿನ ಜವಳಿ ಅಂಗಡಿಗಳಿಗೆಲ್ಲ ಇರುವಂಥದು. ಬಸ್ ಸ್ಟ್ಯಾಂಡಿನ ಆಚೆ ಬದಿಗೆ ಕೆಲವು ವರ್ಷಗಳ ಹಿಂದೆ ಶುರುವಾದ, ನೋಟಿಸ್ ಕೊಟ್ಟವರ ಅಂಗಡಿಯದೂ ಅದೇ ದೇವಿ. ಮುಂದೆ ಪುಟ್ಟದಾಗಿ ಒಂದು 'ನ್ಯೂ', ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು 'ಹೆಚ್' ಜಾಸ್ತಿ. ಅವರು ರೆಡಿಮೇಡ್, ನಾವು ಸೀರೆ ಮತ್ತು ಪಂಚೆ. ಇಷ್ಟು ದಿನ ಯಾರಿಗೂ ತೊಂದರೆ ಆಗಿರಲಿಲ್ಲ.

ತೊಂದರೆ ಶುರುವಾದದ್ದು ಬೋರ್ಡಿನಿಂದ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿ ಆಯಿತಲ್ಲ, ಆಗ ಇಬ್ಬರೂ ಹೊಸ ಬೋರ್ಡು ಬರೆಸಿದೆವು. ಅದಕ್ಕೆ ನನ್ನ ತಕರಾರೇನೂ ಇಲ್ಲ, ಆಗಬೇಕಾದ್ದೇ. ಆದರೆ ಅವರ ಹೆಸರನ್ನು ನಮ್ಮದರಿಂದ ಬೇರೆ ಮಾಡುತ್ತಿದ್ದ ಆ 'ಹೆಚ್' ಇಂಗ್ಲಿಷಿನಲ್ಲಿತ್ತು. ದೊಡ್ಡ ಕನ್ನಡ ಅಕ್ಷರದಲ್ಲಿ ಎರಡೂ ಬೋರ್ಡು ಒಂದೇ ಆದವು. 'ನ್ಯೂ' ಅಂತೂ ನಮ್ಮ ಕಡೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತು ಅಂಗಡಿಗೆ ನಾಲ್ಕು 'ನ್ಯೂ' ಇರುತ್ತವೆ. ಕೊರಿಯರ್‌ನವರು ಅವರ ಪಾರ್ಸೆಲ್ ನಮಗೆ ಕೊಟ್ಟರು. ನಮ್ಮಲ್ಲಿ ಸೀರೆ ಕೊಂಡವರೊಬ್ಬರು ಬಾಕಿಯನ್ನು ಮನೆಗೆ ಹೋಗಿ ಯುಪಿಐನಲ್ಲಿ ಅವರಿಗೆ ಕಳಿಸಿದರು. ಅವರಲ್ಲಿ ಕೊಂಡ ಪ್ಯಾಂಟಿನ ಹೊಲಿಗೆ ಬಿಚ್ಚಿತೆಂದು ಗೂಗಲ್ ಮ್ಯಾಪ್‌ನಲ್ಲಿ ನಮಗೊಂದು ಒಂಟಿ ನಕ್ಷತ್ರ ಬಿತ್ತು. ಇದೆಲ್ಲ ಅವರ ಕಡೆಯೂ ಆಗುತ್ತಿತ್ತು ಎಂದು ಆಮೇಲೆ ತಿಳಿಯಿತು.

ನಾನು ಮಾಡಿದ ಮೊದಲ ಕೆಲಸ ತಪ್ಪು. ವರ್ತಕರ ವಾಟ್ಸಾಪ್ ಗುಂಪಿನಲ್ಲಿ ನೋಟಿಸಿನ ಫೋಟೊ ಹಾಕಿ, 'ಕದ್ದ ಹೆಸರಿಗೆ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದಾರೆ' ಎಂದು ಬರೆದೆ. ಮರುದಿನ ಜಿಲ್ಲಾ ಕೇಂದ್ರದ ವಕೀಲೆಯೊಬ್ಬರ ಬಳಿ ಹೋದಾಗ ಅವರು ನೋಟಿಸ್ ನೋಡುವ ಮೊದಲು ನನ್ನ ಫೋನ್ ಈಸಿಕೊಂಡು ಅದನ್ನು ಅಳಿಸಿದರು. "ಅವರ ಕೈಲಿ ಇನ್ನೊಂದು ಕೇಸು ಇಡಬೇಡಿ" ಎಂದರು. ಆಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಹುಡುಕೋದು ಹೇಗೆ ಅಂತ ತೋರಿಸ್ತೀನಿ, ಮಿಕ್ಕಿದ್ದು ನೀವೇ ನೋಡಿ" ಎಂದರು.

ಇಂಥ ಹೆಸರು ನೋಂದಾಯಿಸುವ ಸರ್ಕಾರಿ ಕಚೇರಿಯಾದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಅಕ್ಷರ ಹೊಂದುವ ಹೆಸರಷ್ಟೇ ಅಲ್ಲ, ಉಚ್ಚಾರ ಹೊಂದುವುದನ್ನೂ ತೋರಿಸುತ್ತದೆ. ಸರಕು ಸೇವೆಗಳನ್ನು ಒಟ್ಟು 45 ವರ್ಗ ಮಾಡಿದ್ದಾರೆ. ಬಟ್ಟೆ 24, ಸಿದ್ಧ ಉಡುಪು 25, ಅಂಗಡಿ ವ್ಯಾಪಾರ 35. ಆ ರಾತ್ರಿ ಕೂತು ನೋಡಿದೆ. ಅವರ ನೋಂದಣಿ ಇದ್ದದ್ದು 25 ಮತ್ತು 35ರಲ್ಲಿ. ಅದೂ ಬರೀ ಹೆಸರಿಗಲ್ಲ, ಕಮಲದ ಚಿತ್ರ ಸಮೇತದ ಲೇಬಲ್ಲಿಗೆ. ಅರ್ಜಿಯಲ್ಲಿ 'ಯಾವಾಗಿನಿಂದ ಬಳಕೆ' ಎಂಬ ಕಲಮಿನ ಎದುರು ಅವರ ಅಂಗಡಿ ಶುರುವಾದ ವರ್ಷವೇ ಇತ್ತು. ಪಾಪ, ಸುಳ್ಳು ಬರೆದಿರಲಿಲ್ಲ. ನಮ್ಮ ಇಡೀ ಕೇಸು ನಿಂತದ್ದು ಆ ಒಂದು ಸಾಲಿನ ಮೇಲೆ.

1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಹೇಳುವುದು ಹೀಗೆ: ನೋಂದಣಿ ಮಾಡಿಸಿದವರು ಬಳಸಲು ಶುರು ಮಾಡಿದ ದಿನ, ಅವರ ನೋಂದಣಿಯ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತಲೂ ಮುಂಚಿನಿಂದ ನೀವು ಎಡೆಬಿಡದೆ ಬಳಸಿದ್ದರೆ, ಅವರು ನಿಮ್ಮನ್ನು ತಡೆಯುವಂತಿಲ್ಲ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಹೆಸರಿನ ಜಗಳದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ, ಮೊದಲು ಬಳಸಿದವರ ಹಕ್ಕು ನೋಂದಣಿಗಿಂತ ಮೇಲು ಎಂದು. ನಾನು ಕುಣಿದೆ. ವಕೀಲೆ ಕುಣಿಯಲಿಲ್ಲ. "ಮುಂಚಿನಿಂದ ಅಂತೀರಿ, ಕಾಗದ ಎಲ್ಲಿ? ಎಡೆಬಿಡದೆ ಅಂತೀರಿ, ನಡುವಿನ ಕಾಗದ ಎಲ್ಲಿ?"

ಅಟ್ಟದ ಮೇಲೆ ಎರಡು ಟ್ರಂಕು. ಒಂದರಲ್ಲಿ ಗೆದ್ದಲು ನಮಗಿಂತ ಮೊದಲೇ ಲೆಕ್ಕ ನೋಡಿ ಮುಗಿಸಿತ್ತು. ಇನ್ನೊಂದರಲ್ಲಿ ಬಿಲ್ ಪುಸ್ತಕಗಳು, ಯುಗಾದಿ ಹೊತ್ತಿಗೆ ಗಿರಾಕಿಗಳಿಗೆ ಹಂಚುತ್ತಿದ್ದ ಕ್ಯಾಲೆಂಡರ್‌ಗಳು, ಹೈಸ್ಕೂಲಿನ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯಲ್ಲಿ 'ಶುಭ ಕೋರುವವರು' ಎಂದು ಕೊಟ್ಟ ಜಾಹೀರಾತು. ಕೈಬರಹದ ತಾರೀಕನ್ನು ಎದುರಿನವರು ನಂಬಲ್ಲ, ನಿನ್ನೆ ಬರೆದದ್ದು ಅಂತಾರೆ. ಅದಕ್ಕೇ ಮುದ್ರಣದಲ್ಲೇ ಕಾಲ ಹೇಳುವ ಗುರುತು ಬೇಕು ಎಂದು ವಕೀಲೆ ಕಲಿಸಿಕೊಟ್ಟರು. ಆಮೇಲೆ ಹುಡುಕುವುದೇ ಒಂದು ಹುಚ್ಚಾಯಿತು. ಜಿಎಸ್‌ಟಿ ನಂಬರ್ ಇದ್ದರೆ ಅದು 2017ರ ಜುಲೈ ಆದಮೇಲಿನ ಬಿಲ್ಲು. 29ರಿಂದ ಶುರುವಾಗುವ ಹನ್ನೊಂದು ಅಂಕಿಯ ಟಿನ್ (ತೆರಿಗೆದಾರರ ಗುರುತಿನ ನಂಬರ್) ಇದ್ದರೆ ಜಿಎಸ್‌ಟಿಗೆ ಮೊದಲಿದ್ದ ವ್ಯಾಟ್ ತೆರಿಗೆಯ ಕಾಲದ್ದು, ಅಂದರೆ 2005ರ ಏಪ್ರಿಲ್‌ನಿಂದ ಈಚಿನದು. ಕೆಎಸ್‌ಟಿ, ಅಂದರೆ ಹಳೆಯ ರಾಜ್ಯ ಮಾರಾಟ ತೆರಿಗೆಯ ನಂಬರ್ ಇದ್ದರೆ ಅದಕ್ಕೂ ಹಿಂದಿನದು. ಮೂರಂಕಿಯ ಫೋನ್ ನಂಬರ್ ಕಂಡರಂತೂ ಅಪ್ಪನೇ, "ಇದು ಟ್ರಂಕ್ ಕಾಲ್ ಬುಕ್ ಮಾಡ್ತಿದ್ದ ಕಾಲದ್ದು" ಎಂದು ಎತ್ತಿಡುತ್ತಿದ್ದರು.

ಎಲ್ಲಕ್ಕಿಂತ ಹಳೆಯದು ಸಿಕ್ಕಿದ್ದು ಟ್ರಂಕಿನ ತಳದಲ್ಲಲ್ಲ, ಅಪ್ಪನ ಸಾಲದ ಲೆಕ್ಕದಲ್ಲಿ. ಅವರು ಕಾಗದ ಬಿಸಾಕಿದವರಲ್ಲ. ತಾತನ ಹಳೆ ಲೆಟರ್‌ಹೆಡ್‌ಗಳ ಹಿಂಬದಿಯಲ್ಲಿ ಗುಮಾಸ್ತರ ಮುಂಗಡ ಬರೆದಿಟ್ಟಿದ್ದರು. ತಿರುಗಿಸಿದರೆ ಮೇಲೆ ಅಂಗಡಿಯ ಹೆಸರು, ಕೆಳಗೆ ಊರು, ಜಿಲ್ಲೆ, ಆಮೇಲೆ 'ಮೈಸೂರು ರಾಜ್ಯ'. ಪಿನ್‌ಕೋಡ್ ಇಲ್ಲ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ, ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅಚ್ಚಾದದ್ದು ಅದಕ್ಕೂ ಹಿಂದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ ಎಂದುಕೊಂಡೆ. "ಹಳೇ ಸ್ಟಾಕು ಮುಗೀಲಿ ಅಂತ ಜನ ಹತ್ತು ವರ್ಷ ಅದೇ ಲೆಟರ್‌ಹೆಡ್ ಬಳಸ್ತಾರೆ, ಒಂದರ ಮೇಲೇ ಭಾರ ಹಾಕಬೇಡಿ" ಎಂದು ವಕೀಲೆ ನನ್ನ ಗಾಳಿ ತೆಗೆದರು. ಆದರೂ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕುವಾಗ ಅವರ ಕೈಯೂ ಹುಷಾರಾಗಿತ್ತು.

ನಿಜವಾದ ಕಂದಕ ಇದ್ದದ್ದು ನಡುವೆ. ತಾತ ತೀರಿದ ಮೇಲಿನ ಮೂರ್ನಾಲ್ಕು ವರ್ಷದ ಒಂದು ಚೀಟಿಯೂ ಇರಲಿಲ್ಲ. ಅಪ್ಪ ಮತ್ತು ಚಿಕ್ಕಪ್ಪ ಪಾಲಾದ ಕಾಲ ಅದು. ಆಗ ಹೊಳೆಯಿತು, ಪಾಲುಪತ್ರ ರಿಜಿಸ್ಟರ್ ಆಗಿದೆಯಲ್ಲ ಎಂದು. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿದೆ. ಅದರಲ್ಲಿ ಅಂಗಡಿಯನ್ನು ಹೆಸರಿಟ್ಟೇ ಕರೆದಿದ್ದರು, ಮಳಿಗೆಯೂ ಸರಕೂ ಅಪ್ಪನ ಪಾಲಿಗೆ ಎಂದು. ಸರ್ಕಾರದ ಮೊಹರು ಬಿದ್ದ, ಯಾರೂ ಅಲ್ಲಗಳೆಯಲಾಗದ ತಾರೀಕು. ಓಡಿಹೋಗಿ ತೋರಿಸಿದೆ. ವಕೀಲೆ ಎರಡು ಸಲ ಓದಿ, "ಮಳಿಗೆ ಬಂತು, ಸರಕು ಬಂತು. ಹೆಸರು ಯಾರ ಪಾಲಿಗೆ?" ಎಂದರು.

ಹೆಸರಿಗೆ ಗಳಿಸಿದ ನಂಬಿಕೆಯೂ ಒಂದು ಆಸ್ತಿ, ಅದನ್ನೂ ಪಾಲುಪತ್ರದಲ್ಲಿ ಬರೆಸಬೇಕು ಅನ್ನುವುದು ನಮ್ಮ ಮನೆಯಲ್ಲಿ ಯಾರ ತಲೆಗೂ ಹೋಗಿರಲಿಲ್ಲ. ಚಿಕ್ಕಪ್ಪನಿಂದ ಆಕ್ಷೇಪಣೆ ಇಲ್ಲವೆಂದು ಬರೆಸಿಕೊಳ್ಳದೆ ಮುಂದೆ ಹೋದರೆ, ನಾಳೆ ಎದುರಿನವರು ಅವರನ್ನೇ ಸಾಕ್ಷಿಯಾಗಿ ಕರೆಯಬಹುದು. ಚಿಕ್ಕಪ್ಪನ ಜೊತೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಹೋದೆ. ಕಾಫಿ ಕೊಟ್ಟರು, ಎಲ್ಲ ಕೇಳಿಸಿಕೊಂಡರು. "ಹೆಸರು ನನಗೂ ಅಪ್ಪನದೇ ಅಲ್ವೇನೋ?" ಎಂದರು. ಉತ್ತರ ಹೊಳೆಯದೆ ಸುಮ್ಮನೆ ಕೂತೆ. ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಅವರ ಮೊಮ್ಮಗ ಯಾವತ್ತಾದರೂ ಜವಳಿ ಇಟ್ಟರೆ ಅದೇ ಹೆಸರು ಇಡಲು ಬಿಡಬೇಕು. ವಕೀಲೆಗೆ ಇದು ಹಿಡಿಸಲಿಲ್ಲ. ಹಂಚಿಕೊಂಡರೆ ಹೆಸರು ಯಾರದೂ ಆಗದೆ ಹೋಗುತ್ತದೆ, ಬೇಕಾದರೆ ನಮ್ಮ ಪರವಾನಗಿಯ ಮೇಲೆ ಬಳಸಲಿ ಎಂದು ಕರಾರು ಬರೆದರು. ಚಿಕ್ಕಪ್ಪ ಸಹಿ ಹಾಕಿದರು. ಈ ಇಡೀ ವ್ಯಾಜ್ಯದಲ್ಲಿ ನನಗೆ ಬಲು ಕಷ್ಟವೆನಿಸಿದ ಸಹಿ ಅದು.

ಈ ನಡುವೆ ನೋಟಿಸಿಗೆ ಉತ್ತರ ಹೋಗಿತ್ತು. ಹದಿನೈದು ದಿನ ಎಂಬ ಗಡುವು ಅವರು ಹಾಕಿದ್ದೇ ಹೊರತು ಕಾಯ್ದೆಯದಲ್ಲ. ಆದರೂ ಸುಮ್ಮನಿರುವುದು ತಪ್ಪೊಪ್ಪಿದ ಹಾಗೆ ಕಾಣುತ್ತದೆಂದು ಗಡುವಿನೊಳಗೇ ಕೊಟ್ಟೆವು. ಕಾಯ್ದೆಯ ಗಡುವು ಬೇರೆಯೇ ಇತ್ತು, ಅದು ನಮ್ಮ ಕುತ್ತಿಗೆಗೆ ಬರುವುದರಲ್ಲಿತ್ತು. ನೋಂದಾಯಿತ ಹೆಸರು ಬಳಕೆಯಲ್ಲಿದೆ ಎಂದು ಗೊತ್ತಿದ್ದೂ ಸತತ ಐದು ವರ್ಷ ಸುಮ್ಮನಿದ್ದರೆ, 33ನೇ ಸೆಕ್ಷನ್ ಪ್ರಕಾರ ಆಮೇಲೆ ಆ ನೋಂದಣಿಯನ್ನು ಪ್ರಶ್ನಿಸುವ ಹಕ್ಕು ಹೋಗುತ್ತದೆ. ಅವರದು ನೋಂದಣಿಯಾಗಿ ಐದು ತುಂಬಲು ಕೆಲವೇ ತಿಂಗಳು ಬಾಕಿ. ದಿನಾ ಬೆಳಿಗ್ಗೆ ಅವರ ಬೋರ್ಡಿನ ಕೆಳಗೇ ಬಸ್ಸಿಳಿಯುವ ನಾನು ಗೊತ್ತಿರಲಿಲ್ಲ ಎನ್ನುವುದು ಹೇಗೆ? ಹಾಗಾಗಿ ಮಾತುಕತೆಗೆ ಕೂರುವ ಮೊದಲೇ ಅವರ ನೋಂದಣಿಯನ್ನು ಪ್ರಶ್ನಿಸಿ 57ನೇ ಸೆಕ್ಷನ್ ಅಡಿ ನೋಂದಣಿ ತಿದ್ದುಪಡಿಯ ಅರ್ಜಿ ಹಾಕಿಬಿಟ್ಟೆವು. ಕರ್ನಾಟಕ ಸೇರುವುದು ಚೆನ್ನೈ ರಿಜಿಸ್ಟ್ರಿಗೆ; ಎಲ್ಲ ಆನ್‌ಲೈನ್, ವರ್ಗಕ್ಕೆ 2,700 ರೂಪಾಯಿ. ಅವರ ಅರ್ಜಿ ರಿಜಿಸ್ಟ್ರಿಯ ಜರ್ನಲ್‌ನಲ್ಲಿ ಪ್ರಕಟವಾದಾಗಲೇ ನಾಲ್ಕು ತಿಂಗಳೊಳಗೆ ವಿರೋಧಿಸಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಆದರೆ ಟ್ರೇಡ್‌ಮಾರ್ಕ್ ಜರ್ನಲ್ ಅಂತೊಂದು ವಾರವಾರ ಬರುತ್ತದೆಂದು ನನಗೆ ಯಾರು ಹೇಳಿದ್ದರು?

ಇಷ್ಟಾದ ಮೇಲೆ ಗೆದ್ದೇ ಗೆಲ್ಲುತ್ತೇನೆ, ಅವರ ಬೋರ್ಡು ಇಳಿಸುತ್ತೇನೆ ಅಂತಿದ್ದೆ. ವಕೀಲೆ ನಂದಿನಿ ಕೇಸು ಓದಿಸಿದರು. ನಮ್ಮ ಹಾಲು ಮಹಾಮಂಡಳದ 'ನಂದಿನಿ', ಬೆಂಗಳೂರಿನ 'ನಂಧಿನಿ ಡೀಲಕ್ಸ್' ಹೋಟೆಲು. ಒಂದು 1985ರಿಂದ, ಇನ್ನೊಂದು 1989ರಿಂದ. ಅಲ್ಲೂ ಇಂಗ್ಲಿಷಿನ ಒಂದು 'ಹೆಚ್'! 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು. ನಂದಿನಿ ಎಂಬುದು ಪುರಾಣದ ಹೆಸರು, ಮಾಡುವ ವ್ಯಾಪಾರ ಬೇರೆ, ಗುರುತಿನ ಚಿತ್ರ ಬೇರೆ ಎಂದು. ಹೋಟೆಲಿನವರು ಹಾಲು, ಹಾಲಿನ ಪದಾರ್ಥಗಳಿಗೆ ಆ ಹೆಸರು ಹಚ್ಚುವುದಿಲ್ಲವೆಂದು ಒಪ್ಪಿದ್ದರು. "ದೇವಿಯನ್ನ ನೀವೊಬ್ಬರೇ ಗುತ್ತಿಗೆ ಹಿಡಿಯೋಕಾಗಲ್ಲ. ನಿಮ್ಮ ಬೋರ್ಡು ಉಳಿಸಿಕೊಳ್ಳೋದು ಒಂದು, ಅವರ ಬೋರ್ಡು ಇಳಿಸೋದು ಇನ್ನೊಂದು" ಎಂದರು ವಕೀಲೆ.

ವಾಣಿಜ್ಯ ವ್ಯಾಜ್ಯಗಳಲ್ಲಿ, ತುರ್ತು ತಡೆಯಾಜ್ಞೆ ಬೇಡದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಅವರು ಅರ್ಜಿ ಹಾಕಿದ್ದರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಕರೆ ಬಂತು. ಮಾಲೀಕ ನನಗಿಂತ ಚಿಕ್ಕವನು. ಅದುವರೆಗೆ ಮುಖ ನೋಡಿ ಒಂದು ಮಾತೂ ಆಡಿರಲಿಲ್ಲ. ಹೆಸರು ಎಲ್ಲಿಂದ ಬಂತು ಎಂದು ಮಧ್ಯಸ್ಥಗಾರರು ಕೇಳಿದರು. "ನಮ್ಮ ಅಮ್ಮನ ಹೆಸರು ಸಾರ್" ಎಂದ. ನಾನು ಕದ್ದ ಹೆಸರು ಅಂತ ಬರೆದಿದ್ದೆನಲ್ಲ, ಕಿವಿ ಬಿಸಿಯಾಯಿತು. ಅವನ ಕೈಲಿ ನಮಗೆ ನೋಟಿಸ್ ಕೊಡಿಸಿದ್ದು ಒಬ್ಬ ಕನ್ಸಲ್ಟೆಂಟ್. ನೋಂದಣಿ ಆದಮೇಲೆ ಊರಲ್ಲಿ ಬೇರೆ ಯಾರೂ ಆ ಹೆಸರು ಇಡುವಂತಿಲ್ಲ ಎಂದು ಅವನಿಗೆ ನಂಬಿಸಿದ್ದ. ಲೆಟರ್‌ಹೆಡ್ಡನ್ನು ಅವನ ಮುಂದಿಟ್ಟೆವು. ಎತ್ತಿ ಹಿಂದೆ ಮುಂದೆ ನೋಡಿದ. ಹಿಂಬದಿಯ ಮುಂಗಡದ ಪಟ್ಟಿಯಲ್ಲಿದ್ದ ಒಂದು ಹೆಸರು ತೋರಿಸಿ, "ಇವರು ನಮ್ಮ ಮಾವ, ನಿಮ್ಮಲ್ಲಿ ಇದ್ದರಲ್ಲ" ಎಂದ. ಆಮೇಲೆ ಗಾಳಿ ಸ್ವಲ್ಪ ಸಡಿಲವಾಯಿತು.

ನಾಲ್ಕು ಬೈಠಕ್ ಬೇಕಾದವು. ಅವರು 'ನ್ಯೂ' ತೆಗೆದು, ದೇವಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ತಮ್ಮ ಮನೆತನದ ಹೆಸರು ಸೇರಿಸುವುದು. ನಾವು ತಾತನ ಇನಿಷಿಯಲ್ ಸೇರಿಸುವುದು. ಸೀರೆಗೆ ಅವರು, ಸಿದ್ಧ ಉಡುಪಿಗೆ ನಾವು ಈ ಹೆಸರು ಹಚ್ಚುವಂತಿಲ್ಲ. ಬೋರ್ಡಿನ ಬಣ್ಣ ಬೇರೆ, ಚೀಲದ ಬಣ್ಣ ಬೇರೆ. ಯುಪಿಐನಲ್ಲಿ ಮಾಲೀಕರ ಹೆಸರೂ ಕಾಣಬೇಕು. ನಮ್ಮ ತಿದ್ದುಪಡಿ ಅರ್ಜಿ ವಾಪಸ್. ನಾವು ನೋಂದಣಿಗೆ ಹೋದರೆ ಅವರ ಆಕ್ಷೇಪಣೆ ಇಲ್ಲವೆಂಬ ಪತ್ರ. ಇಂಥ ಒಪ್ಪಂದಕ್ಕೆ ಪಂಚಾಟ ತೀರ್ಪಿನಷ್ಟೇ ಬಲ ಇರುತ್ತದೆ, ಬರೀ ಕೈಕುಲುಕಿದ ಮಾತಲ್ಲ. ಬಣ್ಣದ ವಿಷಯಕ್ಕೇ ಒಂದು ಬೈಠಕ್ ಪೂರ್ತಿ ಹೋಯಿತು. ಇಬ್ಬರಿಗೂ ಕೆಂಪೇ ಬೇಕಿತ್ತು.

ಒಪ್ಪಂದವಾದ ವಾರವೇ 24 ಮತ್ತು 35ನೇ ವರ್ಗಕ್ಕೆ ಅರ್ಜಿ ಹಾಕಿದೆ. ಸಣ್ಣ ಉದ್ಯಮವೆಂಬ ಉದ್ಯಮ್ ಸರ್ಟಿಫಿಕೇಟ್ ಕೊಟ್ಟು ವರ್ಗಕ್ಕೆ 4,500 ಕಟ್ಟಿದೆ. ಹಳೆಯ ಬಳಕೆ ಎಂದು ಹೇಳಿಕೊಂಡರೆ ಅಫಿಡವಿಟ್ ಮತ್ತು ದಾಖಲೆ ಜೊತೆಗೇ ಕೊಡಬೇಕು; ಟ್ರಂಕಿನ ಕಾಗದವೆಲ್ಲ ಸ್ಕ್ಯಾನ್ ಆಗಿ ಹೋದವು. ರಿಜಿಸ್ಟ್ರಿಯ ಪರೀಕ್ಷಕರು ನಿರೀಕ್ಷೆಯಂತೆ ಅವರ ಮಾರ್ಕನ್ನೇ ಎತ್ತಿ ಆಕ್ಷೇಪಿಸಿದರು. ಒಂದು ತಿಂಗಳೊಳಗೆ ಅವರ ಪತ್ರ ಲಗತ್ತಿಸಿ ಉತ್ತರಿಸಿದೆವು. ಈಗ ಜರ್ನಲ್‌ನಲ್ಲಿ ಪ್ರಕಟವಾಗಿದೆ, ವಿರೋಧಿಸಲು ಇರುವ ನಾಲ್ಕು ತಿಂಗಳಲ್ಲಿ ಎರಡು ಕಳೆದಿವೆ. ಬೋರ್ಡು ಬರೆಯುವವನು ಹೆಸರಿನ ಪಕ್ಕ ಸುತ್ತಿನೊಳಗಿನ 'ಆರ್' ಹಾಕಲೇ ಎಂದು ಕೇಳಿದ. ನೋಂದಣಿ ಆಗುವವರೆಗೆ ಅದನ್ನು ಹಾಕಿದರೆ ಕಾನೂನಿಗೆ ವಿರುದ್ಧ, ಸದ್ಯಕ್ಕೆ 'ಟಿಎಂ' ಸಾಕು ಎಂದೆ. ಅಪ್ಪನಿಗೆ ಎರಡೂ ಬೇಡ, ಅಕ್ಷರದ ಅಂದ ಕೆಡುತ್ತದಂತೆ. ಅವರಿಗೆ ಬೇಕಾದ್ದು ಲೆಟರ್‌ಹೆಡ್ಡು. ಹಿಂಬದಿಯ ಲೆಕ್ಕದಲ್ಲಿ ಯಾರದೋ ಬಾಕಿ ಇನ್ನೂ ಬಂದಿಲ್ಲವಂತೆ.

ನಿನ್ನೆಯೂ ಅವರ ಪಾರ್ಸೆಲ್ ಒಂದು ನಮ್ಮಲ್ಲಿಗೆ ಬಂತು. ಹುಡುಗನ ಕೈಲಿ ಕಳಿಸಿದೆ, ವಾಪಸು ಬರುವಾಗ ನಮ್ಮವು ಎರಡು ಹೊತ್ತು ತಂದ.