ಡಿವೋರ್ಸ್ ಅರ್ಜಿ ವಜಾ ಆದ ಮೇಲೆ ನಾನು ಅಪೀಲು ಹಾಕಿದ್ದು ಹೀಗೆ

ನನ್ನ ಡಿವೋರ್ಸ್ ಅರ್ಜಿಯನ್ನು ಫ್ಯಾಮಿಲಿ ಕೋರ್ಟು ವಜಾ ಮಾಡಿತು. ಕ್ರೌರ್ಯ ಸಾಬೀತಾಗಿಲ್ಲ, ಹೆಂಡತಿಯೇ (ಅಂದರೆ ನಾನೇ) ತಾನಾಗಿ ಮನೆ ಬಿಟ್ಟು ಹೋಗಿದ್ದಾಳೆ ಅಂತ ತೀರ್ಪು. ಹೈಕೋರ್ಟಿಗೆ ಹೋಗಿ ನಿನ್ನ ಕಷ್ಟ ಎಲ್ಲ ಹೇಳಿಕೋ ಅಂತ ಮನೆಯವರು ಅಂದರು. ಆದರೆ ಅಪೀಲಿನಲ್ಲಿ ಯಾರೂ ನಮ್ಮನ್ನು ಕಟಕಟೆಗೆ ಕರೆದು ಕಷ್ಟ ಕೇಳುವುದಿಲ್ಲ. ಕೆಳಗಿನ ಕೋರ್ಟಿನಲ್ಲಿ ಏನು ದಾಖಲಾಗಿದೆಯೋ ಅದರ ಮೇಲೇ ವಾದ. ಹೊಸ ಸಾಕ್ಷ್ಯ ಬೇಕೆಂದರೆ ಬೇರೆ ಅರ್ಜಿ ಹಾಕಿ, ಮೊದಲೇ ಯಾಕೆ ಕೊಡಲಿಲ್ಲ ಅಂತ ಕಾರಣ ಹೇಳಬೇಕು, ಅದು ಸುಲಭಕ್ಕೆ ಒಪ್ಪುವಂಥದ್ದಲ್ಲ.

ಹಾಗಾಗಿ ನಾನು ಮೊದಲು ಹಾಕಿದ್ದು ನಕಲು ಅರ್ಜಿ, ಅಂದರೆ ಕೋರ್ಟಿನ ದಾಖಲೆಗಳ ದೃಢೀಕರಿಸಿದ ಪ್ರತಿ ಕೇಳುವ ಅರ್ಜಿ. ತೀರ್ಪು, ಡಿಕ್ರಿ (ತೀರ್ಪಿನ ಕೊನೆಯ ನಿರ್ಧಾರವನ್ನು ಹೇಳುವ ಆದೇಶ), ಜೊತೆಗೆ ಇಬ್ಬರ ಸಾಕ್ಷಿ ಹೇಳಿಕೆಗಳು ಪೂರ್ತಿ. (ಡಿವೋರ್ಸ್ ಕೊಟ್ಟ ಡಿಕ್ರಿಯಾದರೆ ಇಬ್ಬರಿಗೂ ಒಂದೊಂದು ಪ್ರತಿ ಪುಕ್ಕಟೆ ಕೊಡಬೇಕು ಅಂತ ಹಿಂದೂ ವಿವಾಹ ಕಾಯ್ದೆಯ 23ನೇ ಕಲಂನಲ್ಲೇ ಇದೆ. ನನ್ನದು ವಜಾ ಆಗಿತ್ತಲ್ವಾ, ದುಡ್ಡು ಕೊಟ್ಟೇ ತೆಗೆದುಕೊಂಡೆ.) ನಕಲಿನ ಮೇಲೆ ಅರ್ಜಿ ಹಾಕಿದ ತಾರೀಕು, ನಕಲು ಸಿದ್ಧವಾದ ತಾರೀಕು ಎಲ್ಲ ಸೀಲು ಹೊಡೆದಿರುತ್ತಾರೆ, ಅದನ್ನು ಜೋಪಾನ ಮಾಡಿ. ನಕಲಿಗೆ ಹಿಡಿದ ದಿನಗಳು ಅಪೀಲಿನ ಗಡುವಿನ ಲೆಕ್ಕಕ್ಕೆ ಬರುವುದಿಲ್ಲ.

ಗಡುವಿನದೇ ಒಂದು ಗೋಜಲು. ವಿವಾಹ ಕಾಯ್ದೆಯ 28ನೇ ಕಲಂ ಪ್ರಕಾರ 90 ದಿನ, 2003ರ ತಿದ್ದುಪಡಿಗೆ ಮೊದಲು 30 ಇತ್ತು. ಆದರೆ 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 19ನೇ ಕಲಂನಲ್ಲಿ ಈಗಲೂ 30 ದಿನವೇ. 90 ದಿನವೇ ಸರಿ ಅಂತ ಬಾಂಬೆ ಹೈಕೋರ್ಟಿನ ಪೂರ್ಣಪೀಠ 2016ರಲ್ಲಿ ಹೇಳಿದೆ. ನಮ್ಮ ವಕೀಲರು ಮಾತ್ರ, ಆ ಚರ್ಚೆ ನಮಗ್ಯಾಕಮ್ಮ, 30ರ ಒಳಗೇ ಹಾಕಿಬಿಡೋಣ ಅಂದರು. ಹಾಗೇ ಮಾಡಿದೆವು. ಇವರು ನನಗೆ ಸಿಕ್ಕಿದ್ದು ಉಚಿತ ಕಾನೂನು ನೆರವಿನಿಂದ. ಹೆಂಗಸರಿಗೆ ಅದಕ್ಕೆ ಆದಾಯದ ಮಿತಿ ಇಲ್ಲ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ನಿಜವಾದ ಕೆಲಸ ಆಗಿದ್ದು ಹೇಳಿಕೆಗಳನ್ನು ಓದುವಾಗ. ಒಂದು ಕಡೆ ತೀರ್ಪು, ಇನ್ನೊಂದು ಕಡೆ ಹೇಳಿಕೆ ಇಟ್ಟುಕೊಂಡು, ತೀರ್ಪಿನ ಪ್ರತಿ ಪ್ಯಾರಾಗೂ ಆಧಾರ ಎಲ್ಲಿದೆ ಅಂತ ಹುಡುಕಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಗಂಡನ ಪಾಟೀ ಸವಾಲಿನಲ್ಲಿ (ನನ್ನ ಕಡೆಯ ವಕೀಲರ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳಲ್ಲಿ) ಒಂದು ಸಾಲು ಸಿಕ್ಕಿತು: "ಮನೆಯ ಬೀಗ ಬದಲಾಯಿಸಿ ಅದರ ಕೀಲಿಯನ್ನು ಅರ್ಜಿದಾರಳಿಗೆ ಕೊಟ್ಟಿಲ್ಲ ಎಂದರೆ ಸರಿ." ತೀರ್ಪಿನಲ್ಲಿ ಇದರ ಸುದ್ದಿಯೇ ಇಲ್ಲ. ಬೀಗ ಬದಲಾಯಿಸಿದವರು ಅವರು, ಮನೆ ಬಿಟ್ಟವಳು ನಾನು! ಅಪೀಲಿನಲ್ಲಿ ಕಣ್ಣೀರಿನ ಪ್ಯಾರಾಗಳನ್ನೆಲ್ಲ ತೆಗೆಸಿ ಇದನ್ನೇ ಮೊದಲ ಕಾರಣ ಮಾಡಿಸಿದೆ, ಪುಟದ ಸಂಖ್ಯೆ ಸಮೇತ.

ಅಪೀಲು ಹೋದದ್ದು ಹೈಕೋರ್ಟಿನ ಧಾರವಾಡ ಪೀಠಕ್ಕೆ. ಇಂಥವನ್ನು ಇಬ್ಬರು ನ್ಯಾಯಮೂರ್ತಿಗಳು ಕೂತು ಕೇಳುತ್ತಾರೆ. ಮೊದಲು ಮಧ್ಯಸ್ಥಿಕೆಗೆ ಕಳಿಸಿದರು. ಜೀವನಾಂಶ ಬಿಟ್ಟುಕೊಟ್ಟರೆ ಡಿವೋರ್ಸ್ ಕೊಡ್ತೀನಿ ಅಂದರು ಗಂಡ, ನಾನು ಒಪ್ಪಲಿಲ್ಲ, ಮುಗಿಯಿತು. ಆಮೇಲೆ ತುಂಬಾ ದಿನ ಸುಮ್ನೆ ಕಾಯುವುದು. ವಾದದ ದಿನ ಪೀಠದಿಂದ ಬಂದ ಮೊದಲ ಪ್ರಶ್ನೆಯೇ, ಆ ಹೇಳಿಕೆ ಯಾವ ಪುಟದಲ್ಲಿದೆ? ವಕೀಲರು ಆ ಸಾಲು ಓದಿದರು. ಎದುರಿನವರು ಏನೇನೋ ವಿವರಿಸಿದರು, ಆದರೆ "ಸರಿ" ಅಂತ ಒಪ್ಪಿದ್ದನ್ನು ಅಳಿಸಲು ಆಗಲಿಲ್ಲ. ಕೆಳಗಿನ ತೀರ್ಪು ರದ್ದಾಗಿ ಡಿವೋರ್ಸ್ ಸಿಕ್ಕಿತು.

ಇನ್ನೆರಡು ಮಾತು. ಪ್ರಕರಣ ನಡೆಯುವಾಗ ಕೊಡುವ ಮಧ್ಯಂತರ ಜೀವನಾಂಶದ ಆದೇಶಕ್ಕೆ ಅಪೀಲು ಇಲ್ಲ, ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಮತ್ತೆ, ನಿಮ್ಮ ವಿರುದ್ಧ ಡಿವೋರ್ಸ್ ಆಗಿದ್ದರೆ ಅಪೀಲಿನ ಜೊತೆಗೇ ತಡೆಯಾಜ್ಞೆಗೂ ಅರ್ಜಿ ಹಾಕಿ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿಗೆ ತಡೆ ಬೀಳುವುದಿಲ್ಲ.

ಹೈಕೋರ್ಟ್ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ಹೋಗಲು ಗಂಡನಿಗೂ 90 ದಿನ ಇತ್ತು. ಅದು ಮುಗಿಯುವ ತನಕ ಇನ್ನೊಂದು ಮದುವೆಯ ಮಾತೆತ್ತದಿರುವುದೇ ಒಳ್ಳೆಯದು ಅಂದರು ವಕೀಲರು. ನಮ್ಮವ್ವ ಆಗಲೇ ಗಂಡು ನೋಡಲು ಶುರು ಮಾಡಿದ್ದಳು. "ಯವ್ವಾ, ಸ್ವಲ್ಪ ತಡಿ" ಅಂದೆ.