ಶುಯ್‌ಟೌಗೆ ಕಲ್ಲಿನ ಕೆಲಸಕ್ಕೆ ಹೋದವರು ಚ್ವಾನ್‌ಝೌ ನೋಡುವುದು ಹೇಗೆ?

ಗ್ರಾನೈಟ್ ಲೈನಿನಲ್ಲಿರುವ ನಮ್ಮ ಕಡೆಯವರು ಚೀನಾದ ಶಿಯಾಮೆನ್ ನಗರದ ಕಲ್ಲಿನ ಮೇಳಕ್ಕೆ ಹೋಗುತ್ತಾರೆ. ಸಾಮಾನ್ಯವಾಗಿ ಅದು ಮಾರ್ಚ್‌ನಲ್ಲಿ. ಮೇಳ ಮುಗಿಸಿ ಕಲ್ಲಿನ ಪೇಟೆಯಾದ ಶುಯ್‌ಟೌಗೆ ಬಂದು, ಮಷಿನ್ ನೋಡಿ, ಡೈಮಂಡ್ ಸೆಗ್ಮೆಂಟಿಗೆ (ಕಲ್ಲು ಕೊಯ್ಯುವ ಗರಗಸದ ಹಲ್ಲು) ರೇಟು ಕೇಳಿ, ವಿಮಾನ ಹತ್ತುತ್ತಾರೆ. ನಾನೂ ಮೊದಲ ಸಲ ಹಾಗೇ ವಾಪಸ್ ಬಂದೆ. ನಾನು ಇಳಕಲ್‌ನವನು, ಜಿಗಣಿಯ ಒಂದು ಕಟಿಂಗ್ ಫ್ಯಾಕ್ಟರಿಯ ಉಸ್ತುವಾರಿ. ಎರಡನೇ ಸಲ ಎರಡು ದಿನ ಜಾಸ್ತಿ ಇಟ್ಟುಕೊಂಡೆ. ಕಲ್ಲು ಕೊಯ್ಯುವವರು ಚ್ವಾನ್‌ಝೌ ನಗರವನ್ನು ನೋಡದೆ ಬರಬಾರದು ಎಂದು ಆಗ ಗೊತ್ತಾಯಿತು.

ಮೊದಲು ಹೆಸರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ 'ಕ್ವಾನ್‌ಝೌ' ಎಂದರೆ ಟ್ಯಾಕ್ಸಿಯವರಿಗೆ ತಿಳಿಯುವುದಿಲ್ಲ. 'ಚ್ವಾನ್‌ಝೌ' ಅನ್ನಿ. ಹೋಗುವ ಜಾಗಗಳ ಹೆಸರನ್ನೆಲ್ಲ ಚೀನೀ ಅಕ್ಷರದಲ್ಲಿ ಫೋನಿನಲ್ಲಿ ಇಟ್ಟುಕೊಳ್ಳಿ. ಅಲಿಪೇ ಆ್ಯಪ್ ಹಾಕಿಕೊಂಡು ನಿಮ್ಮ ಕಾರ್ಡ್ ಅನ್ನು ಇಲ್ಲಿಂದಲೇ ಜೋಡಿಸಿಕೊಂಡು ಹೋಗಿ. ಬೀದಿ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿಯೇ ದುಡ್ಡು ಕೊಡುತ್ತಾರೆ. ಶಿಯಾಮೆನ್‌ನಿಂದ ವೇಗದ ರೈಲಿದೆ, ಅರ್ಧ ಗಂಟೆಯ ದಾರಿ.

ಶುಯ್‌ಟೌ ಅನ್ನುವುದು ಚ್ವಾನ್‌ಝೌ ಆಡಳಿತದ ಕೆಳಗೆ ಬರುವ ನಾನ್‌ಆನ್‌ನ ಒಂದು ಪಟ್ಟಣ. ರಸ್ತೆಯ ಎರಡೂ ಬದಿ ಸ್ಲ್ಯಾಬ್, ಅಂದರೆ ಕೊಯ್ದ ಕಲ್ಲಿನ ಹಲಗೆಗಳ ಗೋದಾಮುಗಳು. ಬ್ರೆಜಿಲ್, ಇಟಲಿ, ಇರಾನ್, ನಮ್ಮ ದೇಶ, ಎಲ್ಲ ಕಡೆಯ ಕಲ್ಲೂ ಅಲ್ಲಿ ಸಿಗುತ್ತದೆ. ಮಾಲು ನೋಡಲು ಹೋದಾಗ ಒಂದು ಮಾತು ನೆನಪಿಡಿ. ಚಹಾ ಕುಡಿಯದೆ ರೇಟಿನ ಮಾತು ತೆಗೆಯಬೇಡಿ. ಪಕ್ಕದ ಆನ್‌ಶಿ ಬೆಟ್ಟಗಳು ಟಿಯೆಗ್ವಾನ್‌ಯಿನ್ ಚಹಾದ ತವರು. ಪುಟ್ಟ ಬಟ್ಟಲಿಗೆ ಮತ್ತೆ ಮತ್ತೆ ಸುರಿಯುತ್ತಾರೆ. ಹಾಲು, ಸಕ್ಕರೆ ಹಾಕುವುದಿಲ್ಲ. ಮೂರನೇ ಬಟ್ಟಲಿನ ಹೊತ್ತಿಗೆ ಮಾಲೀಕರು ತಾವಾಗಿಯೇ ಕ್ಯಾಲ್ಕುಲೇಟರ್ ತೆಗೆಯುತ್ತಾರೆ.

ಸಂಜೆ ಹೋಟೆಲಿಗೆ ಹೋಗಿ ಮಲಗಬೇಡಿ. ಆನ್‌ಪಿಂಗ್ ಸೇತುವೆಯ ಪಡುವಣ ತುದಿ ಶುಯ್‌ಟೌನಲ್ಲೇ ಇದೆ. ಮೂಡಣ ತುದಿ ಆನ್‌ಹಾಯ್ ಪಟ್ಟಣದಲ್ಲಿ. 1138ರಿಂದ 1151ರವರೆಗೆ ಕಟ್ಟಿದ್ದು, ಉದ್ದ ಎರಡು ಕಿಲೋಮೀಟರಿಗೂ ಜಾಸ್ತಿ. ಪೂರ್ತಿ ಗ್ರಾನೈಟ್. ಒಂದು ತುದಿಯಿಂದ ಇನ್ನೊಂದಕ್ಕೆ ನಡೆದೇ ಹೋಗಿ, ಕಾಲ ಕೆಳಗಿನ ತೊಲೆಗಳನ್ನು ನೋಡುತ್ತಾ ಹೋಗಿ. ಅತಿ ದೊಡ್ಡವು 25 ಟನ್ ತೂಗುತ್ತವಂತೆ. ನಮ್ಮ ಲೆಕ್ಕದಲ್ಲಿ ಒಂಬತ್ತು ಘನ ಮೀಟರಿಗೂ ಮೇಲೆ! ನಮ್ಮ ಯಾರ್ಡಿನಲ್ಲಿ ಅಂಥ ಬ್ಲಾಕ್ ಎತ್ತುವ ದಿನ ಕ್ರೇನಿನ ಹತ್ತಿರ ಯಾರನ್ನೂ ಬಿಡುವುದಿಲ್ಲ. ಅವರ ಹತ್ತಿರ ಯಾವ ಕ್ರೇನ್ ಇತ್ತು? ಸಮುದ್ರವೇ ಅವರ ಕ್ರೇನ್. ಭರತದ ಹೊತ್ತಿಗೆ ತೊಲೆಯನ್ನು ತೆಪ್ಪದ ಮೇಲೆ ತೇಲಿಸಿ ಎರಡು ಕಂಬಗಳ ನಡುವೆ ತರುತ್ತಿದ್ದರು. ನೀರು ಇಳಿದಂತೆ ತೊಲೆ ಮೆಲ್ಲಗೆ ಕಂಬದ ಮೇಲೆ ಕೂರುತ್ತಿತ್ತು. ಈಗ ಅಲ್ಲಿ ಹೂಳು ತುಂಬಿ ಸಮುದ್ರ ದೂರ ಸರಿದಿದೆ.

ಮಾರನೇ ದಿನ ಬೆಳಿಗ್ಗೆ ನಗರದ ಕಡೆ ಹೊರಡಿ. ದಾರಿ ಜಿನ್‌ಜಿಯಾಂಗ್ ಮೇಲೆ ಹೋಗುತ್ತದೆ. ಆನ್‌ಟಾ, ಎಕ್ಸ್‌ಟೆಪ್ ಶೂಗಳ ಊರು ಅದು. ಹಿಂದೆ ಬೆಟ್ಟ, ಮುಂದೆ ಸಮುದ್ರ, ಉಳಲು ಭೂಮಿ ಕಡಿಮೆ. ಅದಕ್ಕೇ ಇಲ್ಲಿಯ ಜನ ತಲೆತಲಾಂತರದಿಂದ ಫಿಲಿಪ್ಪೀನ್ಸ್, ಮಲೇಷ್ಯಾ ಕಡೆ ದುಡಿಯಲು ಹೋದರು. 1980ರ ನಂತರ ಆ ನೆಂಟರ ದುಡ್ಡೂ ಆರ್ಡರುಗಳೂ ಊರಿಗೆ ಬಂದವು. ಮನೆಮನೆಯಲ್ಲಿ ಹೊಲಿಗೆ ಮಷಿನ್ ಕೂತು, ಅವೇ ಮುಂದೆ ಫ್ಯಾಕ್ಟರಿಗಳಾದವು. 2020ರಲ್ಲಿ ಚ್ವಾನ್‌ಝೌ ಆರ್ಥಿಕತೆ ಒಂದು ಲಕ್ಷ ಕೋಟಿ ಯುವಾನ್ ದಾಟಿತು.

ನಗರದಲ್ಲಿ ನೇರ ಕಾಯ್‌ಯುವಾನ್ ದೇವಸ್ಥಾನಕ್ಕೆ ಹೋಗಿ. ಬೌದ್ಧರ ಗುಡಿ, 686ರಲ್ಲಿ ಆರಂಭವಾದದ್ದು. ಎಲ್ಲರೂ ಎರಡು ಕಲ್ಲಿನ ಗೋಪುರಗಳ ಫೋಟೋ ತೆಗೆಯುತ್ತಿರುತ್ತಾರೆ. ನೀವು ದೊಡ್ಡ ಮಂಟಪವನ್ನು ಸುತ್ತಿ ಹಿಂಭಾಗಕ್ಕೆ ಬನ್ನಿ. ಅಲ್ಲಿ ಹದಿನಾರು ಮುಖದ ಎರಡು ಕಂಬಗಳಿವೆ. ದುಂಡನೆಯ ಕೆತ್ತನೆಗಳಲ್ಲಿ ಕೃಷ್ಣನಿದ್ದಾನೆ. ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ನರಸಿಂಹನೂ ಇದ್ದಾನೆ! ನಾನು ಚಪ್ಪಲಿ ಬಿಟ್ಟು ನಿಂತೆ. ಕಣ್ಣು ತುಂಬಿ ಬಂತು. ಇಲ್ಲಿ ನೆಲೆಸಿದ್ದ ತೆಂಕಣ ಭಾರತದ ವರ್ತಕರು 13ನೇ ಶತಮಾನದಲ್ಲಿ ಗುಡಿ ಕಟ್ಟಿಸಿದ್ದರು. 1281ರ ಒಂದು ತಮಿಳು ಶಾಸನವೂ ಈ ಊರಲ್ಲಿ ಸಿಕ್ಕಿದೆ. ಗುಡಿ ಹಾಳಾಯಿತು, ಅದರ ಕಂಬಗಳನ್ನು ಬೌದ್ಧರು ತಮ್ಮ ಮಂಟಪಕ್ಕೆ ತಂದುಕೊಂಡರು. ಜಗಲಿಯ ಕೆಳಗಿನ ಸಿಂಹದ ಪಟ್ಟಿಕೆಗಳೂ ಅದೇ ಗುಡಿಯವು. ಬಗ್ಗಿ ನೋಡಿ, ಇಲ್ಲದಿದ್ದರೆ ತಪ್ಪಿಹೋಗುತ್ತವೆ.

ಅಲ್ಲಿಂದ 1009ರ ಕಲ್ಲಿನ ಮಸೀದಿ ಹತ್ತಿರವೇ. ಕಡಲ ವಸ್ತುಸಂಗ್ರಹಾಲಯದಲ್ಲಿ ಅರಬ್ಬಿ, ಸಿರಿಯಾಕ್ (ಪಶ್ಚಿಮ ಏಷ್ಯಾದ ಹಳೆಯ ಲಿಪಿ), ತಮಿಳು ಅಕ್ಷರದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾರೆ. ಅದಕ್ಕೆ ಅರ್ಧ ದಿನ ಬೇಕು, ಅವಸರ ಮಾಡಬೇಡಿ.

ಊಟದ ವಿಷಯ ಸಸ್ಯಾಹಾರಿಗಳಿಗೆ ಕಷ್ಟ. ಇದು ಸಿಂಪಿ, ಮೀನು, ಹಂದಿಮಾಂಸದ ನಾಡು. ಒಂದು ಹೋಟೆಲಿನಲ್ಲಿ ಬರೀ ಶ್ಯಾವಿಗೆ ಗಂಜಿ ಅಂದುಕೊಂಡು ಅರ್ಧ ಬಟ್ಟಲು ತಿಂದೆ. ಆಮೇಲೆ ನೋಡಿದರೆ ಅದು ಹಂದಿ ಮೂಳೆಯ ಸಾರಿನಲ್ಲಿ ಬೆಂದದ್ದು. ಕೇಳದೆ ತಿಂದದ್ದು ನನ್ನದೇ ತಪ್ಪು. 'ವೋ ಚ್ರ್ ಸು' ಎಂದರೆ ನಾನು ಸಸ್ಯಾಹಾರಿ ಎಂದು. ಅದರ ಜೊತೆ 'ಹಂದಿಕೊಬ್ಬು, ಸಿಂಪಿ, ಮೂಳೆಸಾರು ಬೇಡ' ಎಂದು ಚೀನೀಯಲ್ಲಿ ಬರೆಸಿದ ಚೀಟಿ ತೋರಿಸಿ. ಬೌದ್ಧ ಗುಡಿಗಳ ಆಸುಪಾಸಿನಲ್ಲಿ ಸಸ್ಯಾಹಾರಿ ಊಟದ ಮನೆ ಹುಡುಕಿ. ಮಾಂಸ ತಿನ್ನುವವರಾದರೆ ಸಿಂಪಿಯ ಆಮ್ಲೆಟ್ ಬಿಡಬೇಡಿ. ಜೊತೆಗೆ ಬಂದಿದ್ದ ಗೆಳೆಯ ಮೂರು ತಟ್ಟೆ ತಿಂದ.

ಕೊನೆಯ ದಿನ ಚ್ವಾನ್‌ಝೌದ ಇನ್ನೊಂದು ಹಳೆಯ ಕಲ್ಲಿನ ಸೇತುವೆ, ಲುವೊಯಾಂಗ್. ಇಲ್ಲಿ ಹೊತ್ತು ಮುಖ್ಯ. ಹಿಂದಿನ ರಾತ್ರಿಯೇ ಫೋನಿನಲ್ಲಿ ಇಳಿತದ ಸಮಯ ನೋಡಿಕೊಳ್ಳಿ. ಭರತದಲ್ಲಿ ಹೋದರೆ ನೀರು ಮಾತ್ರ ಕಾಣುತ್ತದೆ. ಇಳಿತದಲ್ಲಿ ದೋಣಿಯ ಮೂತಿಯ ಹಾಗೆ ಚೂಪಾದ ಕಂಬಗಳು ಬುಡದವರೆಗೂ ಕಾಣುತ್ತವೆ. 1053ರಿಂದ 1059ರವರೆಗೆ ಕಟ್ಟುವಾಗ ಕಂಬಗಳ ಕಲ್ಲುಗಳನ್ನು ಬೆಸೆಯಲು ಸಿಂಪಿಗಳನ್ನೇ ಬೆಳೆಸಿದರು. ಸಿಂಪಿ ಕಲ್ಲಿಗೆ ಅಂಟಿ, ಚಿಪ್ಪಿನ ಮೇಲೆ ಚಿಪ್ಪು ಬೆಳೆದು, ಸಂದುಗಳೆಲ್ಲ ಮುಚ್ಚಿಹೋದವು. ನಾವು ಸ್ಲ್ಯಾಬಿನ ಬಿರುಕಿಗೆ ಎಪಾಕ್ಸಿ ಅಂಟು ತುಂಬುತ್ತೇವಲ್ವಾ? ಅದೇ ಕೆಲಸ, ಜೀವ ಇರುವ ಅಂಟು. ಜಾರದ ಶೂ ಹಾಕಿಕೊಂಡು ಹೋಗಿ. ಕಂಬದ ಬುಡದ ಚಿಪ್ಪುಗಳು ಬ್ಲೇಡಿನಷ್ಟು ಚೂಪು, ಬರಿಗೈಯಲ್ಲಿ ಮುಟ್ಟಬೇಡಿ.