ಒಂದೇ ಸಾಲು ಇನ್ನೂರು ಸಲ: ಆರ್‌ಸಿಬಿ ಗ್ರೂಪಿನಲ್ಲಿ ಸ್ಪ್ಯಾಮ್ ಯಾವುದು, ಸಂಭ್ರಮ ಯಾವುದು?

ಸಿಕ್ಸರ್ ಬಿದ್ದ ಮರುಕ್ಷಣ ಇನ್ನೂರು ಜನ ‘ಈ ಸಲ ಕಪ್ ನಮ್ದೇ’ ಅಂತ ಹಾಕಿದರೆ ಅದು ಸ್ಪ್ಯಾಮ್ ಅಲ್ಲ. ಅದೇ ಗದ್ದಲದ ನಡುವೆ ಜೆರ್ಸಿ ತೊಟ್ಟ ಡಿಪಿಯವನೊಬ್ಬ ‘ಎರಡು ಟಿಕೆಟ್ ಎಕ್ಸ್‌ಟ್ರಾ ಇದೆ, ಡಿಎಂ ಮಾಡಿ’ ಅಂತ ಒಂದೇ ಒಂದು ಸಲ ಬರೆದರೆ ಅದು ಸ್ಪ್ಯಾಮ್. ಟೆಲಿಗ್ರಾಂನಲ್ಲಿ ಅಭಿಮಾನಿಗಳ ಗ್ರೂಪ್ ನೋಡಿಕೊಳ್ಳುವವರಿಗೆ ಮೊದಲು ತಲೆಗೆ ಹೋಗಬೇಕಾದದ್ದು ಇದು.

ಬಾಟ್ (ಗ್ರೂಪ್ ಕಾಯುವ ಸ್ವಯಂಚಾಲಿತ ಪ್ರೋಗ್ರಾಂ) ಹಾಕಿದವರು ಮೊದಲು ಆನ್ ಮಾಡುವುದು ‘ಒಂದೇ ಮೆಸೇಜ್ ಮೂರು ಸಲ ಬಂದರೆ ಮ್ಯೂಟ್’ ಅನ್ನುವ ಫಿಲ್ಟರ್. 2025ರ ಜೂನ್ 3ರ ರಾತ್ರಿ, ಅಹಮದಾಬಾದಿನ ಐಪಿಎಲ್ ಫೈನಲ್‌ನಲ್ಲಿ ಪಂಜಾಬ್ ಮೇಲೆ 6 ರನ್‌ಗಳಿಂದ ಗೆದ್ದಂಥ ಹೊತ್ತಿನಲ್ಲಿ ಇದು ಆನ್ ಇದ್ದರೆ, ಬಾಯಿ ಮುಚ್ಚಿಸಿಕೊಳ್ಳುವವರು ಹದಿನೆಂಟು ಸೀಸನ್ ಕಾದವರೇ.

ಎಣಿಕೆಯಿಂದಲೇ ಸ್ಪ್ಯಾಮ್ ತೀರ್ಮಾನಿಸುವ ಪದ್ಧತಿ ಹಳೆಯದು. 1990ರ ದಶಕದಲ್ಲಿ, ಇಂಟರ್‌ನೆಟ್‌ನ ಹಳೇ ಚರ್ಚಾ ಗುಂಪುಗಳ ಜಾಲವಾದ ಯೂಸ್‌ನೆಟ್‌ನವರ ಬಳಿ ಬ್ರೈಡ್‌ಬಾರ್ಟ್ ಇಂಡೆಕ್ಸ್ ಅಂತ ಒಂದಿತ್ತು. ಪ್ರತಿ ಸಲ ಹಾಕಿದಾಗಲೂ ಆ ಸಂದೇಶ ಎಷ್ಟು ಗುಂಪಿಗೆ ಹೋಯಿತೋ ಅದರ ವರ್ಗಮೂಲ ತೆಗೆದು ಎಲ್ಲವನ್ನೂ ಕೂಡುವುದು. 45 ದಿನದಲ್ಲಿ ಮೊತ್ತ 20 ಮುಟ್ಟಿದರೆ ಅಳಿಸಬಹುದು. ಸಂದೇಶದಲ್ಲಿ ಏನಿದೆ ಅನ್ನೋದು ಲೆಕ್ಕಕ್ಕೇ ಇಲ್ಲ. ಆ ನಿಷ್ಪಕ್ಷಪಾತ ನನಗೆ ಇಷ್ಟ. ಇಲ್ಲದಿದ್ದರೆ ಅಡ್ಮಿನ್‌ಗೆ ಹಿಡಿಸದ ಅಭಿಪ್ರಾಯವೆಲ್ಲ ಸ್ಪ್ಯಾಮ್ ಆಗಿಬಿಡುತ್ತದೆ. ಕ್ಯಾಪ್ಟನ್‌ನನ್ನು ಬೈಯುವುದು ಸ್ಪ್ಯಾಮ್ ಅಲ್ಲ. ಎದುರು ತಂಡದವನು ಬಂದು ಕಾಲೆಳೆಯುವುದೂ ಅಲ್ಲ. ಕೊಳಕು ಮಾತಿಗೆ ಬೇರೆ ನಿಯಮ ಇರಲಿ.

ಆದರೆ ಎಣಿಸಬೇಕಾದದ್ದು ಮೆಸೇಜನ್ನಲ್ಲ, ಬಾಯಿಗಳನ್ನು. ಹಲವು ಬಾಯಿಂದ ಒಂದೇ ಸಾಲು ಬಂದರೆ ಘೋಷಣೆ. ಒಂದೇ ಬಾಯಿಂದ ಅದೇ ಸಾಲು ಗ್ರೂಪಿನೊಳಗಿನ ನಾಲ್ಕು ಟಾಪಿಕ್‌ಗಳಿಗೆ ಹೋದರೆ ಸ್ಪ್ಯಾಮ್. ಐದು ಅಕೌಂಟ್, ಐದೂ ಒಂದೇ ಗಂಟೆಯಲ್ಲಿ ಸೇರಿದವು, ಐದರಿಂದಲೂ ಒಂದೇ ಲಿಂಕ್ ಅಂದರೆ ಅದು ಒಂದೇ ಬಾಯಿ. ‘ಟಿಕೆಟ್ ಯಾವಾಗ ಬಿಡ್ತಾರೆ?’ ಅಂತ ನಲವತ್ತು ಜನ ಕೇಳಿದರೆ ತಪ್ಪು ಅಡ್ಮಿನ್‌ದು, ಪಿನ್ ಮೆಸೇಜ್ ಹಳತಾಗಿದೆ ಅಂತ ಅರ್ಥ.

ಅನುಮಾನ ಬಂದಾಗ ನಾನು ನೋಡುವುದು ಎರಡು: ಈ ಮಾತಿನಿಂದ ದುಡ್ಡೋ ವ್ಯೂಸೋ ಯಾರಿಗೆ ಹೋಗುತ್ತದೆ? ಉತ್ತರ ಕೊಟ್ಟರೆ ಅವನು ಇಲ್ಲೇ ನಿಂತು ಮಾತಾಡುತ್ತಾನಾ, ಇಲ್ಲ ಡಿಎಂಗೆ ಎಳೆಯುತ್ತಾನಾ? ಸ್ವಂತ ಯೂಟ್ಯೂಬ್ ವಿಡಿಯೋ ಹಾಕುವ ಹುಡುಗರಿಗೆ ಹತ್ತು ಮಾತಿಗೆ ಒಂದು ಲಿಂಕ್ ಬಿಡುತ್ತೇನೆ. ಸ್ಟಿಕ್ಕರ್ ಮಾತಲ್ಲ, ಎಣಿಕೆಗೆ ಬರುವುದಿಲ್ಲ. ಹೊಸಬರಿಗೂ ದಿನ ಎಣಿಸಬೇಡಿ, ಮಾತು ಎಣಿಸಿ. ‘48 ಗಂಟೆ ಲಿಂಕ್ ಹಾಕುವಂತಿಲ್ಲ’ ಅಂದರೆ ಬೆಟ್ಟಿಂಗ್‌ನವರು ಸೇರಿ, ಎರಡು ವಾರ ತೆಪ್ಪಗಿದ್ದು, ಮ್ಯಾಚ್ ದಿನ ಏಳುತ್ತಾರೆ. ಹದಿನೈದು ಮಾತಾಡಿದ ಮೇಲೆ ಲಿಂಕ್ ಅಂದರೆ ಅವರಿಗೆ ಅಷ್ಟು ವ್ಯವಧಾನ ಇರುವುದಿಲ್ಲ.

ಇನ್ನು ಕನ್ನಡದ್ದೇ ಆದ ಫಜೀತಿ. ಸ್ಪ್ಯಾಮರ್‌ಗಳು ಪದದ ನಡುವೆ ಕಣ್ಣಿಗೆ ಕಾಣದ ಅಕ್ಷರ ತುರುಕಿ ಫಿಲ್ಟರ್ ತಪ್ಪಿಸಿಕೊಳ್ಳುತ್ತಾರೆ. ಅದಕ್ಕಾಗಿ ಕೆಲವು ಬಾಟ್‌ಗಳಲ್ಲಿ ‘ಅದೃಶ್ಯ ಅಕ್ಷರ ಇದ್ದರೆ ಡಿಲೀಟ್’ ಅನ್ನುವ ನಿಯಮ ಇರುತ್ತದೆ. ಕನ್ನಡದಲ್ಲಿ ಆರ್‌ಸಿಬಿ ಅಂತ ಟೈಪ್ ಮಾಡಿ ನೋಡಿ: ‘ರ್’ ಆದ ಮೇಲೆ ಯೂನಿಕೋಡಿನ 200ಸಿ, ಅಂದರೆ ಝೀರೋ ವಿಡ್ತ್ ನಾನ್ ಜಾಯಿನರ್, ಇರಲೇಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು ‘ಆರ್ಸಿಬಿ’ ಆಗುತ್ತದೆ. ಅಂದರೆ ತಂಡದ ಹೆಸರನ್ನು ಶುದ್ಧವಾಗಿ ಬರೆದವನ ಮೆಸೇಜೇ ಹಾರಿಹೋಗುತ್ತದೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದವನು ಬಚಾವ್. ಆ ಅಕ್ಷರ ಕಂಡ ಮಾತ್ರಕ್ಕೆ ಮೆಸೇಜ್ ಅಳಿಸಬೇಡಿ. ತಡೆಯಬೇಕಾದ ಪದಗಳ ಪಟ್ಟಿಯೊಂದಿಗೆ ಹೋಲಿಸುವ ಮುಂಚೆ ಬಾಟ್ ತನ್ನ ಪ್ರತಿಯಿಂದ ಅದನ್ನು ಕಿತ್ತುಹಾಕಲಿ, ಗ್ರೂಪಿನಲ್ಲಿರುವ ಮೆಸೇಜ್ ಹಾಗೇ ಇರಲಿ.

ಎರಡನೆಯದು ಇನ್ನೂ ಮಜಾ. ‘ಬೆಟ್’ ಪದ ತಡೆಯಲು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪದ ಹುಡುಕುವ ಸೂತ್ರ, ಅಂದರೆ ರೆಗೆಕ್ಸ್‌ನಲ್ಲಿ ಅದರ ಎರಡೂ ಕಡೆ ಪದದ ಅಂಚಿನ ಗುರುತು ಹಾಕುತ್ತೀರಿ ಅಂತಿಟ್ಟುಕೊಳ್ಳಿ. ಪೈಥಾನ್ ನಮ್ಮ ಹಲಂತವನ್ನು, ಅಂದರೆ ‘ಟ್’ನಲ್ಲಿರುವ ‘್’ ಗುರುತನ್ನು, ಅಕ್ಷರ ಅಂತ ಒಪ್ಪುವುದಿಲ್ಲ. ಹಾಗಾಗಿ ‘ಬೆಟ್’ ಆದ ಮೇಲೆ ಖಾಲಿ ಜಾಗ ಬಂದರೆ ಅಂಚು ಕಾಣುವುದಿಲ್ಲ, ತಪ್ಪಿಸಿಕೊಳ್ಳುತ್ತದೆ; ‘ಬೆಟ್ಟ’ದ ನಡುವೆ ಅಂಚು ಕಾಣುತ್ತದೆ, ಸಿಕ್ಕಿಬೀಳುತ್ತದೆ. ಕಪ್ ಗೆದ್ದರೆ ಚಾಮುಂಡಿ ಬೆಟ್ಟ ಹತ್ತುತ್ತೀನಿ ಅಂತ ಹರಕೆ ಹೊತ್ತವನು ಬಲೆಯ ಒಳಗೆ, ಬೆಟ್ ಕಟ್ಟಿಸಿಕೊಳ್ಳುವವನು ಹೊರಗೆ! ಅಂಚಿನ ಗುರುತು ಬಿಟ್ಟು ಖಾಲಿ ಜಾಗ, ವಿರಾಮಚಿಹ್ನೆ ನೋಡಿ ಪದ ಒಡೆಯಿರಿ. ಅಷ್ಟಾದರೂ ಟಿಕೆಟ್ಟು, ಟಿಕೆಟ್ಟಿಗೆ, ಟಿಕೆಟ್‌ಗಳು ಅಂತ ಪ್ರತ್ಯಯಗಳ ಬಾಲ ಮುಗಿಯುವುದಿಲ್ಲ. ಆದ್ದರಿಂದ ನನ್ನ ಪದಪಟ್ಟಿ ಯಾವುದನ್ನೂ ತಾನೇ ಅಳಿಸುವುದಿಲ್ಲ. ಅಡ್ಮಿನ್‌ಗಳ ಗ್ರೂಪಿಗೆ ತಂದು ತೋರಿಸುತ್ತದೆ, ಅಷ್ಟೇ.

ಎಡಿಟ್ ಆಟವನ್ನೂ ಮರೆಯಬೇಡಿ. ಟೆಲಿಗ್ರಾಂನಲ್ಲಿ ಮೆಸೇಜನ್ನು 48 ಗಂಟೆಯವರೆಗೆ ತಿದ್ದಬಹುದು. ಸಂಜೆ ‘ಕಿಂಗ್’ ಅಂತ ಹಾಕಿ ನೂರು ಹಾರ್ಟ್ ಗಿಟ್ಟಿಸಿಕೊಂಡು, ಮಧ್ಯರಾತ್ರಿ ಅದನ್ನೇ ಲಿಂಕ್ ಮಾಡುತ್ತಾರೆ. ತಿದ್ದಿದ ಮೆಸೇಜು ಬಾಟ್‌ಗೆ ಬೇರೆಯದೇ ಅಪ್‌ಡೇಟ್ ಆಗಿ ಬರುತ್ತದೆ. ಹೊಸ ಮೆಸೇಜ್ ಮಾತ್ರ ನೋಡುವ ಬಾಟ್‌ಗೆ ಇದು ಕಾಣಿಸುವುದೇ ಇಲ್ಲ.

ಸ್ಲೋ ಮೋಡ್, ಅಂದರೆ ಒಬ್ಬ ಒಂದು ಮೆಸೇಜ್ ಹಾಕಿದ ಮೇಲೆ ಮುಂದಿನದಕ್ಕೆ ಕಾಯಬೇಕಾದ ಸಮಯ, ನಾನು ಪವರ್‌ಪ್ಲೇ ಮತ್ತು ಕೊನೆಯ ಐದು ಓವರ್‌ಗೆ ಮಾತ್ರ 10 ಸೆಕೆಂಡ್ ಇಡುತ್ತೇನೆ. ಒಂದು ನಿಮಿಷ ಇಟ್ಟರೆ ಜನ ಮಾತು ಬಿಟ್ಟು ಎದ್ದು ಹೋಗುತ್ತಾರೆ.

ಎಣಿಕೆಯ ಲೆಕ್ಕ ಪೂರ್ತಿ ಬದಿಗಿಡಬೇಕಾದ ಹೊತ್ತೂ ಉಂಟು. ಆ ಗೆಲುವಿನ ಮರುದಿನ, 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಬಳಿ ಆದ ಕಾಲ್ತುಳಿತದಂಥ ದಿನ, ಕಾಣೆಯಾದವರನ್ನು ಹುಡುಕುವ ಒಂದೇ ಫಾರ್ವರ್ಡ್ ಮೂವತ್ತು ಸಲ ಬರುತ್ತದೆ. ಬಾಟ್ ಆಫ್ ಮಾಡಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ನೋಡಿ, ನಿಜವಾದರೆ ಒಂದನ್ನು ಪಿನ್ ಮಾಡಿ ಉಳಿದದ್ದು ತೆಗೆಯಿರಿ. ಯಾರಿಗೂ ಎಚ್ಚರಿಕೆ ಬೇಡ.

ಶಿಕ್ಷೆ ಸರಳ: ಮೊದಲ ಸಲ ಅಳಿಸಿ ಕಾರಣ ಒಂದು ಸಾಲು, ಎರಡನೆಯದಕ್ಕೆ 24 ಗಂಟೆ ಮ್ಯೂಟ್, ಮೂರನೆಯದಕ್ಕೆ ಬ್ಯಾನ್. ಬೆಟ್ಟಿಂಗಿಗೂ ಟಿಕೆಟ್ ಬ್ಲ್ಯಾಕಿಗೂ ನೇರ ಬ್ಯಾನ್. ಎದುರು ತಂಡದ ಪೇಜಿಗೆ ನುಗ್ಗಿ ಕಾಮೆಂಟ್ ತುಂಬಿಸೋಣ ಬನ್ನಿ ಅಂತ ನಮ್ಮವರೇ ಕರೆ ಕೊಟ್ಟರೂ ಅದು ಸ್ಪ್ಯಾಮೇ, ಎಷ್ಟೇ ಹಳೇ ಮೆಂಬರ್ ಆಗಿರಲಿ.

ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ. ಟೆಲಿಗ್ರಾಂನ ‘ರೀಸೆಂಟ್ ಆಕ್ಷನ್ಸ್’ 48 ಗಂಟೆಯ ದಾಖಲೆ ಮಾತ್ರ ತೋರಿಸುತ್ತದೆ. ‘ನಾನೇನು ಮಾಡಿದೆ ಅಂತ ಬ್ಯಾನ್?’ ಅಂತ ಜಗಳ ತೆಗೆಯುವವನು ಸಾಮಾನ್ಯವಾಗಿ ಮೂರನೇ ದಿನ ಬರುತ್ತಾನೆ.